ನನ್ನ ಅರ್ಧ ದಿನದ ಹಿರಿತನ

ಕೆ.ಆರ್. ಪೇಟೆ ದಾರಿಯಲ್ಲಿ ಬಾಡಿಗೆ ವ್ಯಾನು ಕೆಟ್ಟು ನಿಲ್ಲಬಹುದಿತ್ತು. ಹುಡುಗಿಯ ಮನೆ ನಾಯಿ ಅಷ್ಟು ಜನರಲ್ಲಿ ನನ್ನನ್ನೇ ಆರಿಸಿಕೊಳ್ಳಬಹುದಿತ್ತು. ಹುಡುಗಿಯ ತಾಯಿಯನ್ನು ನಾನು ಅಜ್ಜಿ ಎಂದುಕೊಂಡು ಕಾಲಿಗೆ ಬೀಳಬಹುದಿತ್ತು! ಇದನ್ನೆಲ್ಲ ಹೆಣ್ಣು ನೋಡಲು ಹೊರಡುವ ಹಿಂದಿನ ದಿನವೇ ಚಿಂತಿಸಿ ಮುಗಿಸಿದ್ದೆ.

ವಿಷಯ ಇಷ್ಟು. ಮದುವೆ, ಪಾಲು, ಜಗಳ ಎಲ್ಲಕ್ಕೂ ನಮ್ಮ ಮನೆತನಕ್ಕೆ ಬುದ್ಧಿ ಹೇಳುತ್ತಿದ್ದವರು ಪಾಂಡವಪುರದ ದೊಡ್ಡಪ್ಪ. ಒಂದು ದಿನ ನನ್ನನ್ನು ಕರೆದು, "ನನ್ ಕೈಲಾಗಕ್ಕಿಲ್ಲ ಕಣ್ಲಾ. ಇನ್ಮ್ಯಾಕೆ ಹಿರಿತನ ನೀನೇ ವಯಿಸ್ಕೊ" ಎಂದರು.

ಯೋಚಿಸಲು ಕಾಲಾವಕಾಶ ಕೋರಿದೆ. ಚಪ್ಪಲಿ ಕೊಳ್ಳಲೂ ಎರಡು ಸಲ ಅಂಗಡಿಗೆ ಹೋಗುವವನು ನಾನು.

"ಯೋಚ್ನೆ ಮಾಡು. ಅಷ್ಟ್ರಲ್ಲಿ ನಿನ್ ತಮ್ಮನ ಮಗ ಮಹೇಶಂಗೆ ಹೆಣ್ ನೋಡ್ಕಂಡ್ ಬಾ."

ಹೊರಡುವಾಗ ಹೆಂಡತಿ ಸಾವಿತ್ರಿ ಎಚ್ಚರಿಸಿದಳು: "ಉಪ್ಪಿಟ್ಟು ಕಾಫಿ ಮುಗಿಸ್ಕಂಡು ಎದ್ಬುಡಿ. ಊಟಕ್ಕೆ ಕೈ ಆಕಿದ್ರೆ ಹೆಣ್ಣು ಒಪ್ಪಿದಂಗೆ!"

"ಅಷ್ಟೂ ತಿಳಿಯದವನೇ ನಾನು?" ಎಂದೆ.

ಹುಡುಗಿಯ ಮನೆ ತಲುಪಿದ ಮೇಲೆ ಸಾವಿತ್ರಿ ಹೆಂಗಸರ ಜೊತೆ ಒಳಗೆ ಹೋದಳು. ನಾನು ನಡುಮನೆಯಲ್ಲಿ ಮಹೇಶನ ಪಕ್ಕ ಕೂತು, ಹಿರಿತನ ಒಪ್ಪುವುದೋ ಬಿಡುವುದೋ ಎಂಬ ಗಹನ ಚಿಂತನೆಯಲ್ಲಿ ಮುಳುಗಿದೆ. ಒಪ್ಪಿದರೆ ಎಲ್ಲರ ಜಗಳ ನನ್ನ ತಲೆಗೆ. ಬಿಟ್ಟರೆ ದೊಡ್ಡಪ್ಪನಿಗೆ ಬೇಸರ. ಉಪ್ಪಿಟ್ಟು ಬಂದು ಹೋಯಿತು. ಎಲೆ ಬಂತು, ಮುದ್ದೆ ಬಂತು, ಉಪ್ಸಾರು ಬಂತು. ಚಿಂತೆ ಹೆಚ್ಚಾದರೆ ನನಗೆ ಹಸಿವೂ ಹೆಚ್ಚು. ಮುರಿದೆ, ಅದ್ದಿದೆ, ನುಂಗಿದೆ!

ಹುಡುಗಿಯ ತಂದೆ ಎದ್ದು ನಿಂತರು. "ಅಣ್ಣಾವ್ರು ಮುದ್ದೆ ಮುರುದ್ರು! ಅಮ್ಮೀ, ಬೆಲ್ಲ ತಕಬಾ!"

ಇಬ್ಬರು ಮಕ್ಕಳ ಬದುಕು ನನ್ನ ಗಂಟಲಿಳಿದಿತ್ತು. ವಾಪಸ್ ತರುವ ಶಾಸ್ತ್ರ ಯಾವುದೂ ಇಲ್ಲ!

ಸಾವಿತ್ರಿ ಓಡಿ ಬಂದು ನನ್ನ ಕೈ ನೋಡಿ ಹಣೆ ಚಚ್ಚಿಕೊಂಡಳು. "ತಡೀರಿ ಅಣ್ಣ, ನಮ್ಮೆಜಮಾನ್ರು ಉಂಡಿದ್ದು ಲೆಕ್ಕಕ್ಕಿಲ್ಲ. ಬಾಳೋನು ಮಹೇಶ. ಅವ್ನು ಕೈ ಆಕ್ಲಿ. ಆಮ್ಯಾಕೆ ನಿಮ್ ಮಗಳನ್ನೂ ಕೇಳಾನ."

ಎಲ್ಲರೂ ಮಹೇಶನ ಕಡೆ ತಿರುಗಿದೆವು. ಅವನು ಆಗಲೇ ಎರಡನೇ ಮುದ್ದೆಯಲ್ಲಿದ್ದ!

ಬಾಗಿಲ ಮರೆಯಿಂದ ಹುಡುಗಿ ಕಿಸಕ್ಕನೆ ನಕ್ಕಳು. "ಅಪ್ಪಾ, ಅವ್ರಿಗೆ ಇನ್ನೊಂಚೂರು ಸಾರು ಬುಡು."

ನಾನೂ ಉಳಿದ ಮುದ್ದೆಗೆ ಮರಳಿದೆ.

ಕಥೆ ಕೇಳಿದ ದೊಡ್ಡಪ್ಪ, "ನಿಂಗ್ ಬ್ಯಾಡ ಬುಡ್ಲಾ. ಸಾವಿತ್ರಿನೇ ವಯಿಸ್ಕಳ್ಲಿ" ಎಂದರು. ತಲೆ ಮೇಲಿನ ಹುಲ್ಲುಹೊರೆ ಇಳಿದ ಹಾಗಾಯಿತು. ನಮ್ಮ ಮನೆಯಲ್ಲಿ ಫೋನಿಲ್ಲದ್ದರಿಂದ ಈಗ ಸಲಹೆ ಬೇಕಾದವರು ಎದುರುಮನೆಗೆ ಫೋನು ಮಾಡುತ್ತಾರೆ. ಸಾವಿತ್ರಿಯನ್ನು ಕರೆಯಲು ಓಡುವವನು ನಾನು.

ಮದುವೆ ಸೊಗಸಾಗಿ ನಡೆಯಿತು. ನಾನೆಣಿಸಿದ ಅನಾಹುತ ಒಂದೂ ಆಗಲಿಲ್ಲ. ಹೆಣ್ಣು ನೋಡಿದ ದಿನ ನಿಜವಾಗಿ ಕೆಟ್ಟದ್ದು ಒಂದೇ: ಉಪ್ಸಾರಿಗೆ ಉಪ್ಪು ಸಾಲದಾಗಿತ್ತು. ಅದರ ಬಗ್ಗೆ ಸಲಹೆ ಕೊಡಲು ನಾನು ಸಿದ್ಧನೇ ಇದ್ದೆ. ಯಾರೂ ಕೇಳಲಿಲ್ಲ!