ಮೇಲಿನದು ನಿನ್ನದು

ಬಾಗಿಲಲ್ಲಿ ಮೂವರ ಚಪ್ಪಲಿಗಳು ಎಷ್ಟೇ ಕಲಸಿಕೊಂಡು ಬಿದ್ದಿದ್ದರೂ ನಮ್ಮ ಮನೆಯಲ್ಲಿ ಯಾರೂ ಇನ್ನೊಬ್ಬರದನ್ನು ಮೆಟ್ಟಿಕೊಂಡು ಹೋದದ್ದಿಲ್ಲ. ತನ್ನದು ಯಾವುದೆಂದು ಕಾಲಿಗೆ ಗೊತ್ತಾಗುತ್ತದೆ. ಕಂಪ್ಯೂಟರಿನ ಮುಂದೆ ಕೂತ ಬೆರಳಿಗೆ ಆ ತಿಳಿವಳಿಕೆ ಇರುವುದಿಲ್ಲ. ನಾನು ಇದನ್ನು ಕಲಿಯುವುದಕ್ಕೆ ನನ್ನ ಹೆಂಡತಿ ದಂಡ ತೆರಬೇಕಾಯಿತು.

ಮಾಳಮಡ್ಡಿಯ ನಮ್ಮ ಮನೆಯಲ್ಲಿರುವವರು ಅಪ್ಪ, ಹೆಂಡತಿ ಗಿರಿಜಾ ಮತ್ತು ನಾನು, ಕಂಪ್ಯೂಟರು ಒಂದೇ. ಹುಬ್ಬಳ್ಳಿಯಲ್ಲಿ ಹತ್ತಿಯ ವ್ಯಾಪಾರ ಮಾಡುತ್ತಿದ್ದ ಅಪ್ಪ ಈಗ ಅಂಗಡಿ ಮುಚ್ಚಿ ಮನೆಯಲ್ಲಿದ್ದಾರೆ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ, ಬೆಳಗಾವಿಯ ಮಗಳು ಕಳಿಸುವ ಫೋಟೊ ನೋಡಲು ಇಮೇಲ್ ತೆಗೆಯುತ್ತಾರೆ. ಒಬ್ಬರದು ಮುಚ್ಚಿ ಇನ್ನೊಬ್ಬರದು ತೆರೆಯುವಾಗ ಪಾಸ್‌ವರ್ಡ್ ಮರೆತು ಮನೆಯಲ್ಲಿ ನಿತ್ಯ ಕಿರಿಕಿರಿ. ಅದಕ್ಕೆ ನಾನು ಪರದೆಯ ಮೇಲೆ ಮೂರು ಶಾರ್ಟ್‌ಕಟ್ ಮಾಡಿಟ್ಟೆ. ಯಾರದನ್ನು ಒತ್ತಿದರೆ ಅವರ ಇಮೇಲ್ ತೆರೆದುಕೊಳ್ಳಬೇಕು. ನನ್ನದಕ್ಕೆ ‘ನಾನು’ ಎಂದು ಹೆಸರಿಟ್ಟೆ. ಉಳಿದಿಬ್ಬರೂ ಅದನ್ನೇ ಒತ್ತಿದರು. ಅವರ ತಪ್ಪೇನು? ಮನೆಯಲ್ಲಿ ‘ನಾನು’ ಅಲ್ಲದವರು ಯಾರಿದ್ದಾರೆ? ಆಮೇಲೆ ಮೂರಕ್ಕೂ ‘ಗಿರಿಜಾ’, ‘ಅಪ್ಪ’, ‘ಮಲ್ಲಿಕಾರ್ಜುನ’ ಎಂದು ಹೆಸರಿಟ್ಟು, ಅದೇ ಕ್ರಮದಲ್ಲಿ ಜೋಡಿಸಿದೆ. ಗಿರಿಜಾಳನ್ನು ಕರೆದು, “ಹೆಸರು ಓದೂದು ಬ್ಯಾಡ. ಮ್ಯಾಲಿಂದು ನಿಂದು, ಅಷ್ಟ ನೆನಪಿಡು” ಎಂದೆ.

ಗಿರಿಜಾ ಮೊದಲು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು. ನನ್ನ ಅವ್ವ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟಳು. ಬಿಡು ಎಂದು ನಾವ್ಯಾರೂ ಹೇಳಿರಲಿಲ್ಲ; ಬಿಡಬೇಡ ಎಂದೂ ಹೇಳಲಿಲ್ಲ. ಅವ್ವ ತೀರಿಕೊಂಡ ಮೇಲೆ ಅವಳಿಗೆ ಹಗಲು ಉದ್ದವಾಯಿತು. ನವನಗರದ ಒಂದು ಶಾಲೆಗೆ ಶಿಕ್ಷಕಿ ಬೇಕಾಗಿದ್ದಾರೆಂದು ತಿಳಿದು ಅರ್ಜಿ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ, ಧೈರ್ಯ ಹೋಗುವ ಮುಂಚೆ ಎಂಬಂತೆ, ಕಳಿಸಿಬಿಟ್ಟಳು.

ಅದೇ ಭಾನುವಾರ ಊಟಕ್ಕೆ ಮುಂಚೆ ನಾನು ಪರದೆಯನ್ನು ಓರಣ ಮಾಡಲು ಹೋಗಿ ಎಲ್ಲವನ್ನೂ ಅಕ್ಷರಕ್ರಮದಲ್ಲಿ ಜೋಡಿಸಿದ್ದೆ. ‘ಅಪ್ಪ’ ಮೇಲೆ ಹೋದರು, ‘ಗಿರಿಜಾ’ ಕೆಳಗಿಳಿದಳು. ಅದನ್ನು ಅವಳಿಗೆ ಹೇಳಲು ಮರೆತೆ. ಅವಳು ಮಾತ್ರ ನನ್ನ ಮಾತನ್ನು ಮರೆತಿರಲಿಲ್ಲ. ಮದುವೆಯಾದಾಗಿನಿಂದ ಅವಳು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ ಸಲ. ಮರುದಿನ ಬೆಳಿಗ್ಗೆ ಅಪ್ಪ, “ಲೇ ಮಲ್ಲೂ, ನಂದು ಎಲ್ಲಿ ಹೋತೋ?” ಎಂದಾಗ ಮೂರನ್ನೂ ಮೊದಲಿದ್ದ ಜಾಗಕ್ಕೆ ತಂದು ಕೈತೊಳೆದುಕೊಂಡೆ.

ಗಿರಿಜಾ ಉತ್ತರಕ್ಕಾಗಿ ದಿನವೂ ಇಮೇಲ್ ನೋಡಿದಳು. ಏನೂ ಬರಲಿಲ್ಲ. ತಡೆಯಲಾರದೆ ಶಾಲೆಗೆ ಫೋನ್ ಮಾಡಿದಳು. ಮುಖ್ಯೋಪಾಧ್ಯಾಯಿನಿಯ ಧ್ವನಿ ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು.

“ಸಂದರ್ಶನಕ್ಕ ಬರ್ರಿ ಅಂತ ನಾವು ಬರದಿದ್ವಿ. ನೀವ ಅಲ್ರಿ, ವಯಸ್ಸಾಗೇತಿ, ಮೊಣಕಾಲು ನೋಯ್ತಾವು, ಬರಾಕ ಆಗೂದಿಲ್ಲ ಅಂತ ತಿಳಿಸಿದವರು?”

ಗಿರಿಜಾ ಫೋನ್ ಕೆಳಗಿಟ್ಟು ನನ್ನನ್ನು ನೋಡಿದಳು. “ನನಗ ಮೊಣಕಾಲ ನೋವು ಐತೇನ್ರಿ?” ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ನಮ್ಮ ಮನೆಯಲ್ಲಿ ಮೊಣಕಾಲು ನೋವಿರುವವರು ಒಬ್ಬರೇ. ಅಪ್ಪ ಪೇಪರ್ ಮಡಚಿ, “ಹೌದು, ಯಾವುದೋ ಸಾಲಿಯವರು ಕಲಸಾಕ ಬರ್ರಿ ಅಂತ ಬರದಿದ್ರು. ಹೆಸರಿರಲಿಲ್ಲ, ಮಾನ್ಯರೇ ಅಂತಿತ್ತು. ಮನ್ಯಾಗ ಸುಮ್ನ ಕುಂತೇನಂತ ಮಲ್ಲೂನ ಹೇಳಿರಬೇಕು ಅಂದ್ಕೊಂಡೆ. ಕರದವರಿಗೆ ಉತ್ತರ ಕೊಡದಿದ್ರ ಛಲೋ ಅಲ್ಲ ಅಂತ ಮರ್ಯಾದಿಲೆ ಬರದೆ” ಎಂದರು.

ಅರ್ಜಿ ಅಪ್ಪನ ಇಮೇಲಿನಿಂದ ಹೋದದ್ದು ಹೇಗೆಂದು ನಾನು ಅಕ್ಷರಕ್ರಮವನ್ನು ವಿವರಿಸತೊಡಗಿದೆ. “ನೀವು ಸುಮ್ನಿರ್ರಿ” ಎಂದು ಗಿರಿಜಾ ಒಳಗೆ ಹೋದಳು. ಸಂದರ್ಶನಕ್ಕೆ ಕರೆದರೆ ಬೇಕಾದೀತೆಂದು ಇಸ್ತ್ರಿ ಮಾಡಿ ಕುರ್ಚಿಯ ಮೇಲಿಟ್ಟಿದ್ದ ಸೀರೆಯನ್ನು ಎತ್ತಿ ಕಪಾಟಿನೊಳಗೆ ಇಟ್ಟಳು.

ಅಪ್ಪನಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ಎದ್ದು, ಅಂಗಡಿ ಮುಚ್ಚಿದ ಮೇಲೆ ಹೊರಗೆ ತೆಗೆದೇ ಇರದ ಕೋಟು ತೊಟ್ಟು, ಟೊಪ್ಪಿಗೆ ಇಟ್ಟುಕೊಂಡರು.

“ಗಿರಿಜಾ, ಆ ಸೀರಿ ಉಟ್ಕೊಂಡು ಬಾರವಾ. ನಾನ ಹೋಗಿ ಹೇಳ್ತೇನಿ.”

“ನಿಮ್ಮ ಮೊಣಕಾಲು, ಮಾವಾರ?”

“ಅವು ನನ್ನವು ಅಂತ ಹೇಳಾಕ ಹೊಂಟೇನಿ.”

ನಾನೂ ಬರುತ್ತೇನೆಂದೆ. ಇಬ್ಬರೂ ಒಟ್ಟಿಗೇ ಬೇಡವೆಂದರು.

ಶಾಲೆಯಲ್ಲಿ ಕುರ್ಚಿ ಕೊಟ್ಟರೂ ಅಪ್ಪ ಕೂಡಲಿಲ್ಲವಂತೆ. ನಡೆದದ್ದನ್ನೆಲ್ಲ ನಿಂತೇ ಹೇಳಿ, “ಇಕಿ ನಮ್ಮ ಮನಿ ಸಲುವಾಗಿ ಒಮ್ಮೆ ಸಾಲಿ ಬಿಟ್ಟಾಳ್ರಿ. ನಮ್ಮಿಂದ ಇನ್ನೊಮ್ಮೆ ಬಿಡೂದು ಬ್ಯಾಡ” ಎಂದರಂತೆ. ನಮ್ಮ ಮನೆಯೊಳಗೆ ಯಾರ ಬಾಯಿಂದಲೂ ಬರದಿದ್ದ ಮಾತು ಅದು. ಇದನ್ನು ನನಗೆ ಹೇಳುವಾಗ ಗಿರಿಜಾ ಮುಖ ತಿರುಗಿಸಿಕೊಂಡಳು. ಜಾಗ ಇನ್ನೂ ತುಂಬಿರಲಿಲ್ಲ. ಮರುದಿನ ಉಳಿದವರ ಜೊತೆ ಅವಳನ್ನೂ ಕರೆದರು. ಕೆಲಸ ಸಿಕ್ಕಿತು.

ಈಗ ಗಿರಿಜಾ ಬೆಳಿಗ್ಗೆ ಬಸ್ಸು ಹಿಡಿಯುತ್ತಾಳೆ. ಮನೆಗೆ ಬಂದವರಿಗೆಲ್ಲ ಅಪ್ಪ, “ಮದಲ ನನಗ ಕರದಿದ್ರು. ನಾನು ಒಲ್ಲೆ ಅಂದ ಮ್ಯಾಲೆ ಸೊಸಿಗೆ ಕೊಟ್ರು” ಎಂದು ಗಂಭೀರವಾಗಿ ಹೇಳುತ್ತಾರೆ. ಮೊನ್ನೆ ಒಬ್ಬ ಹಳೆಯ ವ್ಯಾಪಾರಿ ನನ್ನತ್ತ ನೋಡುತ್ತ, “ಮಗಗ ಕೊಡಸಬೇಕಿತ್ತಲ್ರಿ ಸಾಹುಕಾರ್ರ?” ಎಂದ.

ಅಪ್ಪ ನನ್ನನ್ನು ಒಂದು ಗಳಿಗೆ ನೋಡಿ ಹೇಳಿದರು: “ಅಂವಗ ಯಾರೂ ಕರೀಲಿಲ್ರಿ.”