ಕರ್ನೆಲ್ ಕುಸಿದಾಗ ಹೆಸರು ಸಿಕ್ಕಿದವರ ಅಮಾನತು ಕುರಿತು

ಇಂದ:
ಕಂಪ್ಯೂಟರ್ ರಿಪೇರಿಯವನು,
ಪರೀಕ್ಷಾ ಕಚೇರಿ, ಮೆಟ್ಟಿಲ ಕೆಳಗಿನ ಕೋಣೆ.

ಗೆ:
ಮಾನ್ಯ ಅಧ್ಯಕ್ಷರು,
ಕಂಪ್ಯೂಟರ್ ಕುಸಿತ ವಿಚಾರಣಾ ಸಮಿತಿ,
ಅದೇ ಕಚೇರಿ, ಎ.ಸಿ. ಇರುವ ಕೋಣೆ.

ವಿಷಯ: ಅಂಕಪಟ್ಟಿ ಗುಮಾಸ್ತೆಯವರಿಗೆ ಅನ್ವಯಿಸಿದ ನಿಯಮವನ್ನು ಎಲ್ಲರಿಗೂ ಅನ್ವಯಿಸುವ ಬಗ್ಗೆ.

ಉಲ್ಲೇಖ: ೧) ಸೋಮವಾರದ ಅಮಾನತು ಆದೇಶ.
೨) ಗುರುವಾರ ತಮ್ಮ ಕೋಣೆಯಿಂದ ಕೇಳಿಬಂದ "ಅಯ್ಯೋ, ಹೋಯ್ತು!" ಎಂಬ ಕೂಗು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಕೈಮುಗಿದು, ಆದರೆ ತಲೆ ಬಗ್ಗಿಸದೆ, ನಿವೇದಿಸಿಕೊಳ್ಳುವುದೇನೆಂದರೆ:

೧. ಕರ್ನೆಲ್ ಎಂದರೆ ಕಂಪ್ಯೂಟರಿನ ಉಳಿದೆಲ್ಲ ಪ್ರೋಗ್ರಾಮುಗಳಿಗೆ ಕೆಲಸ ಹಂಚುವ ಒಳಗಿನ ಯಜಮಾನ. ಅದು ಕುಸಿದರೆ ಎಲ್ಲವೂ ನಿಲ್ಲುತ್ತದೆ. ಆ ಗಳಿಗೆಯಲ್ಲಿ ಯಾವ ಪ್ರೋಗ್ರಾಂ ನಡೆಯುತ್ತಿತ್ತೋ ಅದರ ಹೆಸರು ಒಂದು ವರದಿಯಲ್ಲಿ ದಾಖಲಾಗುತ್ತದೆ; ಕೆಡವಿದ್ದು ಅದೇ ಎಂದು ಅರ್ಥವಲ್ಲ.

೨. ಹೋದ ವಾರ ಗುಮಾಸ್ತೆಯವರು ಅಂಕಪಟ್ಟಿ ಮುದ್ರಿಸುತ್ತಿದ್ದಾಗ ಕರ್ನೆಲ್ ಕುಸಿದು, ಎರಡು ದಿನ ಟೈಪ್ ಮಾಡಿದ ಅಂಕಗಳು ನೀರುಪಾಲಾದವು. ವಿಚಾರಣೆಯಲ್ಲಿ ಅರ್ಜಿದಾರನು ವರದಿಯನ್ನು ವಿವರಿಸಲು ಬಾಯಿ ತೆರೆದಾಗ ತಾವು, "ಹೆಸರು ಯಾವುದಿದೆ ಅಷ್ಟು ಹೇಳಪ್ಪ, ಪುರಾಣ ಬೇಡ" ಎಂದಿರಿ. "ಪ್ರಿಂಟಿಂಗ್ ಪ್ರೋಗ್ರಾಂ ಸರ್" ಎಂದ ಅರ್ಜಿದಾರನು ಅಲ್ಲಿಗೇ ಬಾಯಿ ಮುಚ್ಚಿದ. ಅದನ್ನು ನಡೆಸುತ್ತಿದ್ದವರು ಗುಮಾಸ್ತೆ, ಆದಕಾರಣ ಗುಮಾಸ್ತೆಯೇ ಅಪರಾಧಿ, ಆದ್ದರಿಂದ ಅಮಾನತು. ಇಷ್ಟಕ್ಕೆ ಹಿಡಿದದ್ದು ಆರು ನಿಮಿಷ, ಚಹಾ ಸೇರಿ.

೩. ಮೇಜು ಖಾಲಿ ಮಾಡುತ್ತಾ ಗುಮಾಸ್ತೆಯವರು ಹೇಳಿದ್ದು: "ನಿನಗೆ ಗೊತ್ತಿತ್ತಲ್ಲೋ ತಮ್ಮಾ. ಗೊತ್ತಿದ್ದೂ ಸುಮ್ನೆ ನಿಂತ್ಕೊಂಡ್ಯಲ್ಲ." ಅರ್ಜಿದಾರನಿಗೆ ನಾಚಿಕೆಯಾಗಿದೆ. ಈ ವಾಕ್ಯಕ್ಕೆ ಯಾವ ದಾಖಲೆಯೂ ಲಗತ್ತಿಸಿಲ್ಲ.

೪. ವರದಿಯ ಕೆಳಭಾಗವನ್ನೂ ಈಗ ಓದಲಾಗಿದೆ. ತಮ್ಮ ಬಾಮೈದ ತಂದು ಎಲ್ಲ ಕಂಪ್ಯೂಟರುಗಳಿಗೂ ಜೋಡಿಸಿದ ಹಾಜರಾತಿ ಕ್ಯಾಮೆರಾವನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂ, ತನ್ನದಲ್ಲದ ಮೆಮೊರಿಯ ಜಾಗದಲ್ಲಿ ಗೀಚಿ ತೆಪ್ಪಗೆ ಕೂತಿತ್ತು. ಹಾಳಾದ ಆ ಜಾಗ ಆಮೇಲೆ ಪ್ರಿಂಟಿಂಗ್ ಪ್ರೋಗ್ರಾಮಿನ ಪಾಲಿಗೆ ಬಂತು. ಕುರ್ಚಿಯ ಕಾಲು ಮುರಿದವರು ಬೇರೆ, ಕೂತು ಬಿದ್ದವರು ಬೇರೆ.

೫. ಗುರುವಾರ ಬೆಳಿಗ್ಗೆ ಹನ್ನೊಂದೂವರೆಗೆ ತಮ್ಮ ಕಂಪ್ಯೂಟರಿನ ಕರ್ನೆಲ್ ಕೂಡ ಕುಸಿಯಿತು. ವರದಿಯ ಕೆಳಭಾಗದಲ್ಲಿ ಅದೇ ಡ್ರೈವರ್. ಮೇಲ್ಭಾಗದಲ್ಲಿ, ಆಗ ನಡೆಯುತ್ತಿದ್ದ ಪ್ರೋಗ್ರಾಮಿನ ಹೆಸರು: ಇಸ್ಪೀಟು ಆಟ. ಪುರಾಣ ಬೇಡವೆಂದು ತಾವೇ ಅಪ್ಪಣೆ ಕೊಟ್ಟಿರುವುದರಿಂದ ಅರ್ಜಿದಾರನು ಹೆಸರಷ್ಟನ್ನೇ ಹೇಳಿದ್ದಾನೆ.

ಆದ್ದರಿಂದ, ಗುಮಾಸ್ತೆಯವರನ್ನು ಮರಳಿ ಕೆಲಸಕ್ಕೆ ಕರೆದು, ಕ್ಯಾಮೆರಾಗಳನ್ನು ಕಿತ್ತುಹಾಕಿಸಬೇಕೆಂದೂ, ಅದು ಆಗದಿದ್ದಲ್ಲಿ, ನಿಯಮ ಎಲ್ಲರಿಗೂ ಒಂದೇ ಆದ ಕಾರಣ, ಲಗತ್ತು ೩ಕ್ಕೆ ಸಹಿ ಹಾಕಬೇಕೆಂದೂ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ತಡವಾಗಿ ಬಾಯಿ ಬಿಟ್ಟ ಕಂಪ್ಯೂಟರ್ ರಿಪೇರಿಯವನು

ಲಗತ್ತುಗಳು:
೧. ಎರಡೂ ಕುಸಿತಗಳ ವರದಿ, ಈ ಸಲ ಪೂರ್ತಿ.
೨. ಕ್ಯಾಮೆರಾದ ಜೊತೆ ಬಂದ ಕೈಪಿಡಿ, ಇನ್ನೂ ಕವರ್ ಒಡೆಯದ್ದು.
೩. ಸೋಮವಾರದ ಅಮಾನತು ಆದೇಶದ ಪ್ರತಿ. ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದೆ. ಉಳಿದ ಮಾತೆಲ್ಲ ತಮ್ಮದೇ. ತಮ್ಮ ಕಂಪ್ಯೂಟರ್ ಇನ್ನೂ ರಿಪೇರಿಯಲ್ಲಿರುವುದರಿಂದ, ಹೆಸರನ್ನು ದಯವಿಟ್ಟು ಪೆನ್ನಿನಲ್ಲೇ ತುಂಬಬೇಕು.