ಕೇಳ್ತದಾ, ಸದಾಶಿವ?

ಮನುಷ್ಯನಿಗೆ ಒಂದು ಹುಚ್ಚು ಬೇಕು. ಅದು ಕಾರಿನ ಒಳಗೆ ಹತ್ತದಿದ್ದರೆ ಸಂಸಾರಕ್ಕೆ ಒಳ್ಳೆಯದು. ನನ್ನದು ಹ್ಯಾಮ್ ರೇಡಿಯೋ, ಅಂದರೆ ಪರೀಕ್ಷೆ ಬರೆದು, ಸರಕಾರದ ಲೈಸೆನ್ಸ್ ಪಡೆದು, ಗಾಳಿಯಲ್ಲಿ ಹರಟೆ ಹೊಡೆಯುವ ವಿದ್ಯೆ. "ಫೋನ್ ಉಂಟಲ್ಲ, ಮತ್ತೆ ಇದೆಂತಕ್ಕೆ?" ಎಂದು ಹೆಂಡತಿ ಸುಮತಿ ಕೇಳುತ್ತಲೇ ಇರುತ್ತಾಳೆ. ಮಾರ್ಕೆಟಿನಲ್ಲಿ ಮೀನು ಸಿಗುತ್ತದೆಂದು ನೇತ್ರಾವತಿ ಹೊಳೆಗೆ ಗಾಳ ಹಾಕುವವರು ಎದ್ದು ಹೋಗುತ್ತಾರೆಯೇ ಎಂದರೆ, "ಅವರು ಮೀನಾದರೂ ತರ್ತಾರೆ" ಎನ್ನುತ್ತಾಳೆ.

ನನ್ನ ಗಾಳಕ್ಕೆ ಬೀಳುತ್ತಿದ್ದವನು ಒಬ್ಬನೇ, ಮೂಡುಬಿದಿರೆಯ ಸದಾಶಿವ. ಪ್ರಾಯದ ಕಾಲದಲ್ಲಿ ಒಟ್ಟಿಗೇ ಪರೀಕ್ಷೆ ಬರೆದವರು ನಾವು. ಬೆಳಿಗ್ಗೆ ಬಂಟ್ವಾಳದಿಂದ ಬೆಳ್ತಂಗಡಿಯ ನನ್ನ ಕನ್ನಡಕದ ಅಂಗಡಿಗೆ ಹೋಗುವಾಗ ವಗ್ಗ ಎಂಬ ಊರಿನ ಏರಿನಲ್ಲಿ ಕಾರು ನಿಲ್ಲಿಸಿ, ಹಳೇ ಕೈ-ರೇಡಿಯೋ ಸೆಟ್ಟನ್ನು ಕಿಟಕಿಯಿಂದ ಹೊರಗೆ ಹಿಡಿದು "ಕೇಳ್ತದಾ?" ಎನ್ನುತ್ತಿದ್ದೆ. "ಅರ್ಧ ಕೇಳ್ತದೆ. ತಡಿ ಮಾರಾಯ, ತಿರುಗಿಸ್ತೇನೆ!" ಎಂದು ಅವನು ತಾರಸಿಗೆ ಓಡಿ, ಮೀನಿನ ಮುಳ್ಳಿನ ಹಾಗಿರುವ ಆಂಟೆನಾವನ್ನು ಕೈಯಲ್ಲೇ ತಿರುಗಿಸಿ ಓಡಿ ಬರುತ್ತಿದ್ದ. "ಈಗ?" "ಈಗ ಕರಕರ!" ಪುನಃ ಓಟ. ಅವನ ಏದುಸಿರು ಕೂಡ ನನಗೆ ಕೇಳಿಸುತ್ತಿತ್ತು. ಎಂಥಾ ಸುಖದ ದಿನಗಳು ಅವು!

ಈಚೆಗೆ ಅವನ ಮಂಡಿ ಕೈಕೊಟ್ಟಿತು. ಮೆಟ್ಟಿಲು ಹತ್ತಬಾರದೆಂದು ಡಾಕ್ಟರ ಕಟ್ಟಪ್ಪಣೆ. ಆಂಟೆನಾ ಸಮುದ್ರದ ಕಡೆ ಮುಖ ಮಾಡಿ ನಿಂತುಬಿಟ್ಟಿತು. ನನಗೆ ಬರೀ ಬುಸ್ಸೆನ್ನುವ ಸದ್ದು. ಫೋನ್ ಮಾಡಿದೆ. "ಫೋನಿನಲ್ಲಿ ಎಂತ ಮಾತಾಡುದು ಮಾರಾಯ" ಎಂದು ಇಟ್ಟೇಬಿಟ್ಟ. ಅವನ ಆಂಟೆನಾ ಇತ್ತ ತಿರುಗದಿದ್ದರೆ ಬೇಡ, ನನ್ನ ಕಾರಿನ ರೇಡಿಯೋವನ್ನೇ ಜೋರು ಮಾಡುವ ಎಂದು ಹೊರಟೆ.

ಐವತ್ತು ವಾಟಿನ ಹೊಸ ಸೆಟ್ಟು ಬಂತು. ಬ್ಯಾಟರಿಯಿಂದ ನೇರ ದಪ್ಪ ವಯರು ಎಳೆದದ್ದಾಯಿತು. ಆಂಟೆನಾಕ್ಕಾಗಿ ಕಾರಿನ ನೆತ್ತಿಗೆ ತೂತು ಕೊರೆಸಿದ ದಿನ ಸುಮತಿ, "ಮಳೆಗಾಲದಲ್ಲಿ ನೀರು ಬೀಳುದು ನನ್ನ ತಲೆಗಾ, ನಿಮ್ಮದಕ್ಕಾ?" ಎಂದಷ್ಟೇ ಕೇಳಿದಳು. ಬಿ.ಸಿ.ರೋಡಿನಲ್ಲಿ ನನ್ನ ಆಂಟೆನಾ ಕಂಡ ಬೈಕಿನವರು ಪೊಲೀಸ್ ಗಾಡಿಯೆಂದು ಗಡಿಬಿಡಿಯಲ್ಲಿ ಹೆಲ್ಮೆಟ್ ಹಾಕಿಕೊಳ್ಳತೊಡಗಿದರು. ನಾನೂ ಸ್ವಲ್ಪ ಮೀಸೆ ತಿರುವಿದೆ ಅನ್ನಿ.

ವಗ್ಗದ ಏರಿನಲ್ಲಿ ಅಭ್ಯಾಸಬಲದಿಂದ ಕಾರು ನಿಲ್ಲಿಸಿ ಗುಂಡಿ ಒತ್ತಿದೆ. "ಕೇಳ್ತದಾ, ಸದಾಶಿವ?"

"ಕೇಳ್ತದೆ! ಸ್ಪಷ್ಟ ಕೇಳ್ತದೆ ಮಾರಾಯ! ನಂದು?"

"ನಿಂದೂ ಸ್ಪಷ್ಟ!"

ಅಲ್ಲಿಗೆ ಮುಗಿಯಿತು. ಮುಂದೆ ಎಂತ ಮಾತಾಡುವುದು? ಇಷ್ಟು ವರ್ಷ ನಾವು ಆಡಿದ್ದು ಕೇಳ್ತದಾ, ಕೇಳುದಿಲ್ಲ ಎಂಬ ಎರಡೇ ಮಾತು ಎಂದು ಆಗ ಹೊಳೆಯಿತು. "ಮಂಡಿ ಹೇಗುಂಟು?" ಎಂದೆ. "ಉಂಟು" ಎಂದ. ಐವತ್ತು ವಾಟಿನಲ್ಲಿ ಇಬ್ಬರೂ ಸುಮ್ಮನೆ ಕೂತೆವು. ಕೊನೆಗೆ, "ಸರಿ, ಹಾಗಾದ್ರೆ" ಎಂದು ಅವನು ಹೋದ. ಇದಕ್ಕೋಸ್ಕರ ಕಾರಿನ ನೆತ್ತಿ ಕೊರೆಸಿದೆನೇ ಎಂದು ಅಳು ಬರುವುದೊಂದು ಬಾಕಿ.

ಮರುದಿನ ಬೆಳ್ತಂಗಡಿಯಲ್ಲಿ ಏನೋ ಕೆಲಸವೆಂದು ಸುಮತಿಯೂ ಕಾರಿನಲ್ಲಿದ್ದಳು. ಹೆದರುತ್ತಲೇ "ಕೇಳ್ತದಾ?" ಎಂದೆ. ಹಿಂದಿನ ಸೀಟಿನಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಸದಾಶಿವನ ದನಿ ಬಂತು: "ಅರ್ಧ ಕೇಳ್ತದೆ. ಇವತ್ತು ಭಾರೀ ಕರಕರ ಮಾರಾಯ!"

ಹಸಿ ಹಸಿ ಸುಳ್ಳು! ನನಗೆ ಕಣ್ಣು ತುಂಬಿ ಬಂತು. "ಹೌದಾ? ನಿಂದೂ ಕರಕರವೇ. ಕೇಬಲ್ ಸಡಿಲ ಉಂಟೋ ಏನೋ!" ಎಂದೆ. ಕೇಬಲಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಹಳೇ ಆಂಟೆನಾಕ್ಕೆ ಮಾತು ಹಬ್ಬಿತು. ಅಂಗಡಿ ನೆನಪಾಗಲಿಲ್ಲ.

"ಎಂತ ಕರಕರ? ಗಂಟೆ ಬಾರಿಸಿದ ಹಾಗೆ ಕೇಳ್ತಾ ಉಂಟಲ್ಲ!" ಎಂದು ಸುಮತಿ ಜೋರಾಗಿ ಶುರು ಮಾಡಿದಳು. ಗುಂಡಿ ಒತ್ತಿ ಹಿಡಿದಿದ್ದ ಮೈಕಿಗೆ ಅಂಗೈ ಅಡ್ಡ ಕೊಟ್ಟು ನಾನು ಪಿಸುಗುಟ್ಟಿದೆ:

"ಸುಮ್ಮನಿರು ಮಾರಾಯ್ತಿ, ಅವನಿಗೆ ಕೇಳ್ತದೆ!"